ತಂತಿ ಬಿಟ್ಟ ದೂರವಾಣಿ

ಮನೆಯ ಮೂಲೆಯ ಪುಟ್ಟ ಮೇಜಿನ ಮೇಲೆ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಕರಿಯ ದೂರವಾಣಿಯನ್ನು ಬಳಸಿದವರಿಗೆ ಒಂದು ಸಂಗತಿ ನೆನಪಿರಬಹುದು. ಊರಿನ ದೀಪಗಳೆಲ್ಲ ಆರಿದ ರಾತ್ರಿಯಲ್ಲಿಯೂ ಅದು ಮಾತನಾಡುತ್ತಿತ್ತು. ಅದಕ್ಕೆ ಬೇಕಾದ ಅಲ್ಪ ವಿದ್ಯುತ್ತು ನಮ್ಮ ಮನೆಯದಲ್ಲ. ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ, ಸುಮಾರು 48 ವೋಲ್ಟಿನ ಒತ್ತಡದಲ್ಲಿ, ಮಾತು ಹರಿಯುವ ಅದೇ ಜೋಡಿ ತಾಮ್ರದ ಎಳೆಗಳಲ್ಲಿಯೇ ಅದು ಬರುತ್ತಿತ್ತು.

ಹಲವು ಮನೆಗಳಲ್ಲಿ ಆ ಸ್ಥಾನಕ್ಕೆ ಬಂದು ಕುಳಿತದ್ದು ಕಾರ್ಡ್‌ಲೆಸ್ ದೂರವಾಣಿ. ಹೆಸರು ಕೇಳಿದರೆ ತಂತಿಯ ಹಂಗೇ ಇಲ್ಲವೆನ್ನಿಸುತ್ತದೆ. ವಾಸ್ತವದಲ್ಲಿ ಹೋಗಿರುವುದು ಒಂದೇ ತಂತಿ: ಪೀಠಕ್ಕೂ ನಮ್ಮ ಕೈಯ ಹಿಡಿಗೂ ನಡುವೆ ಸುರುಳಿ ಸುರುಳಿಯಾಗಿ ಇದ್ದದ್ದು. ಅದರ ಕೆಲಸವನ್ನು ರೇಡಿಯೊ ಅಲೆಗಳು ವಹಿಸಿಕೊಂಡಿವೆ. ಪೀಠದಿಂದ ಗೋಡೆಗೆ ಹೋಗುವ ದೂರವಾಣಿ ತಂತಿ ಹಾಗೆಯೇ ಉಳಿದಿದೆ. ಜೊತೆಗೆ ಮನೆಯ ವಿದ್ಯುತ್ತಿನ ತಂತಿಯೊಂದು ಹೊಸದಾಗಿ ಸೇರಿದೆ. ಒಂದು ಹಂಗು ಕಳೆದುಕೊಂಡು ಇನ್ನೊಂದು ಹಂಗಿಗೆ ಬಿದ್ದಿದ್ದೇವೆ.

ಇದನ್ನು ನಾನು ಅರಿತದ್ದು ಶ್ರೀನಿವಾಸಪುರದ ನಮ್ಮ ಹಳೆಯ ಮನೆಯಲ್ಲಿ. ಮೇ ತಿಂಗಳ ಒಂದು ರಾತ್ರಿ ಬಿರುಗಾಳಿ ಮಾವಿನ ತೋಪುಗಳನ್ನು ಜಾಲಾಡಿಸಿ ಹೋಯಿತು, ವಿದ್ಯುತ್ತೂ ಹೋಯಿತು. ಅದೇ ಹೊತ್ತಿಗೆ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಿತು. ತಾಯಿ ಹಿಡಿಯನ್ನೆತ್ತಿ ಗುಂಡಿಯೊತ್ತಿದರು. ಪುಟ್ಟ ಪರದೆ ಬೆಳಗಿತು, ಅಂಕಿಗಳೂ ಮೂಡಿದವು, ಆದರೆ ಸ್ವರ ಬರಲಿಲ್ಲ. ಹಿಡಿಯ ಬ್ಯಾಟರಿ ತುಂಬಿತ್ತು. ಪೀಠ ಸತ್ತು ಬಿದ್ದಿತ್ತು. ಮಳೆ ನಿಂತ ಮೇಲೆ ಕತ್ತಲಲ್ಲಿ ತಡಕಾಡಿ ಪಕ್ಕದ ಮನೆಗೆ ಹೋಗಿ, ಅವರ ಹಳೆಯ ತಂತಿಯ ದೂರವಾಣಿಯಿಂದ ವೈದ್ಯರನ್ನು ಕರೆಯಬೇಕಾಯಿತು. ತಂದೆಯವರು ಉಳಿದುಕೊಂಡರು. ಪಾಠವೂ ಉಳಿಯಿತು.

ಹಾಗೆಂದು ಈ ಉಪಕರಣವನ್ನು ಹಳಿಯಬೇಕಾಗಿಲ್ಲ. ಮೊಣಕಾಲು ನೋಯುವ ಹಿರಿಯರಿಗೆ ಅದು ಹಾಸಿಗೆಯ ಪಕ್ಕದಲ್ಲಿಯೇ ದೊರೆಯುವುದು ಸಣ್ಣ ಉಪಕಾರವಲ್ಲ. ಸರಿಯಾಗಿ ಹೂಡಬೇಕು, ಅಷ್ಟೆ.

ಮೊದಲನೆಯದು, ಪೀಠಕ್ಕೆ ಜಾಗ. ಮನೆಯ ನಡುಭಾಗ ಉತ್ತಮ. ನಮ್ಮ ಸೀಮೆಯ ಕಲ್ಲುಚಪ್ಪಡಿಯ ಮನೆಗಳ ದಪ್ಪ ಗೋಡೆಗಳು ರೇಡಿಯೊ ಅಲೆಗಳನ್ನು ಬಹಳವಾಗಿ ಹೀರಿಕೊಳ್ಳುತ್ತವೆ. ಬಯಲಿನಲ್ಲಿ ನೂರಾರು ಅಡಿ ಹೋಗುವ ಮಾತು ಎರಡು ಗೋಡೆಗಳಾಚೆ ತೊದಲಬಹುದು. ಕಬ್ಬಿಣದ ಬೀರು, ದೂರದರ್ಶನದ ಪೆಟ್ಟಿಗೆ, ಮೈಕ್ರೋವೇವ್ ಒಲೆಗಳಿಂದ ಪೀಠ ದೂರವಿರಲಿ.

ಎರಡನೆಯದು, ಹಿಡಿಗೆ ಮೊದಲ ತುಂಬುವಿಕೆ. ಹಿಡಿಯೊಳಗೆ ಸಾಮಾನ್ಯವಾಗಿ ಇರುವುದು ನಿಕ್ಕಲ್ ಜಾತಿಯ ಕೋಶಗಳು; ಒಂದೊಂದೂ 1.2 ವೋಲ್ಟಿನದು. ಧನ ಋಣಗಳನ್ನು ನೋಡಿ ಕೂರಿಸಿ, ಮುಚ್ಚಳ ಹಾಕಿ, ಪೀಠದ ಮೇಲಿಟ್ಟು, ಸೂಚನಾ ಪುಸ್ತಿಕೆ ಹೇಳಿದಷ್ಟು ಹೊತ್ತು ಬಿಡಬೇಕು. ಕೆಲವು ಮಾದರಿಗಳು 16 ಗಂಟೆ ಕೇಳುತ್ತವೆ. ಪರದೆ ಅವಸರದಲ್ಲಿ ‘ತುಂಬಿತು’ ಎಂದರೂ ನಂಬಬಾರದು. ಕೋಶದ ಅಳವನ್ನು ಅದು ಇನ್ನೂ ಕಲಿಯುತ್ತಿರುತ್ತದೆ. ಹಿಡಿ ತುಸು ಬೆಚ್ಚಗಾದರೆ ಗಾಬರಿ ಬೇಡ. ಕೋಶ ಸವೆದಾಗ ಅಂಗಡಿಯ 1.5 ವೋಲ್ಟಿನ ಸಾಮಾನ್ಯ ಸೆಲ್ಲುಗಳನ್ನು ಮಾತ್ರ ಹಾಕಲೇಬಾರದು. ಆಕಾರ ಒಂದೇ ಆದರೂ ಅವು ಮರಳಿ ತುಂಬುವ ಜಾತಿಯವಲ್ಲ. ತುಂಬಹೊರಟರೆ ಸೋರಬಹುದು, ಸಿಡಿಯಲೂಬಹುದು. ಹಳೆಯ ನಿಕ್ಕಲ್–ಕ್ಯಾಡ್ಮಿಯಂ ಕೋಶಗಳಲ್ಲಿರುವ ಕ್ಯಾಡ್ಮಿಯಂ ವಿಷ. ಅದನ್ನು ತಿಪ್ಪೆಗೆ ಎಸೆಯದೆ ಬ್ಯಾಟರಿ ಹಿಂಪಡೆಯುವವರಿಗೆ ಕೊಡುವುದು ಕ್ಷೇಮ.

ಮೂರನೆಯದು, ನೆನಪಿಗೆ ಸಂಖ್ಯೆಗಳನ್ನು ತುಂಬುವುದು. ಕೋಲಾರಕ್ಕೆ 08152, ಮಾಲೂರಿಗೆ 08151, ಮುಳಬಾಗಿಲಿಗೆ 08159, ಶ್ರೀನಿವಾಸಪುರಕ್ಕೆ 08157. ಪಕ್ಕದ ತಾಲ್ಲೂಕಿನ ನೆಂಟರ ಸಂಖ್ಯೆಯನ್ನು ಈ ಸಂಕೇತದೊಡನೆಯೇ ಬರೆದಿಡಬೇಕು. 2021ರ ಜನವರಿಯಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಮಾತನಾಡಲು ಮೊದಲಿಗೆ ಸೊನ್ನೆ ಒತ್ತಬೇಕಾಗಿದೆ. ಬೆಂಗಳೂರಿನಲ್ಲಿರುವ ಮಕ್ಕಳ ಸಂಖ್ಯೆಗಳನ್ನು ಹಾಗೆಯೇ ತಿದ್ದಿಡಿ. ಆಂಬುಲೆನ್ಸಿನ 108 ಎಲ್ಲಕ್ಕಿಂತ ಮೇಲಿರಲಿ.

ಇನ್ನು ವಿದ್ಯುತ್ತಿನ ಮಾತು. ದೂರದ ವಿದ್ಯುತ್ತನ್ನು ನಂಬಿ ಬದುಕುವುದು ಕೋಲಾರ ಸೀಮೆಗೆ ಹೊಸದಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಇಲ್ಲಿನ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದು ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಆಮೇಲೆ, 1905ರಲ್ಲಿ. ತಾಮ್ರದ ತಂತಿಯ ದೂರವಾಣಿಯೂ ಅಂಥದೇ ದೂರದ ಆಸರೆಯನ್ನು ನಮಗೆ ಕೇಳದೆಯೇ ಒದಗಿಸಿತ್ತು. ಆದುದರಿಂದ ತಾಮ್ರದ ಸಂಪರ್ಕ ಇನ್ನೂ ಇರುವವರು ಅದೇ ಸಾಲಿಗೆ ಹಳೆಯ ತಂತಿಯ ಉಪಕರಣವೊಂದನ್ನೂ ಜೋಡಿಸಿಡುವುದು ಜಾಣತನ. ಗುಡುಗು ಮಿಂಚಿನ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು. ಕಾರ್ಡ್‌ಲೆಸ್ ಪೀಠದ ಎರಡು ತಂತಿಗಳನ್ನೂ ಮಿಂಚು ಹತ್ತಿರ ಬರುವ ಮುನ್ನವೇ ಕಳಚಿಡಬೇಕು.

ತಾಮ್ರ ತೆಗೆದು ಗಾಜಿನೆಳೆಯ ಸಂಪರ್ಕ ಪಡೆದವರಿಗೆ ಈ ಆಸರೆಯೂ ಇಲ್ಲ. ಗಾಜಿನಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತು ಹರಿಯದು. ಅಲ್ಲಿ ತಂತಿಯ ದೂರವಾಣಿಯೂ ಮನೆಯ ಪೆಟ್ಟಿಗೆಯೊಂದರ ವಿದ್ಯುತ್ತನ್ನೇ ಕಾಯುತ್ತದೆ. ಆ ಪೆಟ್ಟಿಗೆಗೂ ಕಾರ್ಡ್‌ಲೆಸ್ ಪೀಠಕ್ಕೂ ಇನ್ವರ್ಟರಿನ ಸಾಲಿನಿಂದ ವಿದ್ಯುತ್ತು ಕೊಡಿಸುವುದೇ ದಾರಿ.

ಎಲ್ಲ ಹೂಡಿ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಆ ಸಂಜೆಯೇ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಮನೆಯ ಹಿರಿಯರ ಕೈಯಿಂದಲೇ ದೂರವಾಣಿಯನ್ನು ಎತ್ತಿಸಿ, ಸ್ವರ ಕೇಳಿಸುತ್ತದೆಯೇ ಎಂದು ಕೇಳಿ ನೋಡಿ.