ಪಹಣಿ ಇಲ್ಲದವರೂ ಸೊಸೈಟಿ ಸದಸ್ಯರಾಗಬಹುದು

ರಾಯಚೂರು ಜಿಲ್ಲೆಯ ಕಲ್ಲೂರು ಸೀಮೆಯಲ್ಲಿ ಸೊಸೈಟಿ ಎಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ರಾಯಚೂರು, ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಲೀಜಿಗೆ ಹೊಲ ಮಾಡುವವರು ಬಹಳ. ಹತ್ತಿ ಬಿಡಿಸಲು, ಕಳೆ ತೆಗೆಯಲು ಕೂಲಿಗೆ ಹೋಗುವ ಹೆಣ್ಣುಮಕ್ಕಳೂ ಬಹಳ. ಸೊಸೈಟಿಗೆ ಮೆಂಬರ್ ಆಗಿದ್ದೀರಾ ಎಂದು ಇವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಮಗೆಲ್ಲೈತ್ರಿ ಹೊಲ?’

ಎಲ್ಲಕ್ಕಿಂತ ಹೆಚ್ಚು ಜನರನ್ನು ಹೊರಗೆ ನಿಲ್ಲಿಸಿರುವ ತಪ್ಪು ಕಲ್ಪನೆ ಇದೇ. ಸೊಸೈಟಿ ಪಹಣಿ ಕೇಳುವುದು ಬೆಳೆಸಾಲಕ್ಕೆ. ಸದಸ್ಯತ್ವದ ಲೆಕ್ಕ ಬೇರೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 16ನೇ ಕಲಮಿನ ಪ್ರಕಾರ ಸದಸ್ಯರಾಗುವ ವ್ಯಕ್ತಿ ಕರಾರು ಮಾಡಿಕೊಳ್ಳಲು ಅರ್ಹರಾಗಿರಬೇಕು. ಅಂದರೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು. ಸಂಘದ ವ್ಯಾಪ್ತಿಗೆ ಯಾವ ಊರುಗಳು ಸೇರುತ್ತವೆ, ಷೇರು ಹಣ ಎಷ್ಟು, ಪ್ರವೇಶ ಶುಲ್ಕ ಎಷ್ಟು ಎಂಬುದನ್ನು ಆಯಾ ಸಂಘದ ಬೈಲಾ ಹೇಳುತ್ತದೆ. ಸ್ವಸಹಾಯ ಸಂಘಗಳೂ ಸದಸ್ಯತ್ವ ಪಡೆಯಬಹುದು.

ನಂಬಿಕೆ ಬಾರದಿದ್ದರೆ ಸೊಸೈಟಿ ಚುನಾವಣೆ ಬಂದಾಗ ಗೋಡೆಗೆ ಅಂಟಿಸುವ ಮತದಾರರ ಪಟ್ಟಿ ನೋಡಿ. ‘ಸಾಲಗಾರರ ಕ್ಷೇತ್ರ’ ಒಂದಿದ್ದರೆ, ಪಕ್ಕದಲ್ಲೇ ‘ಸಾಲಗಾರರಲ್ಲದ ಕ್ಷೇತ್ರ’ ಎಂಬುದೂ ಇರುತ್ತದೆ. ಸಾಲ ಮಾಡದವರು ಸದಸ್ಯರೇ ಅಲ್ಲ ಎಂದಾಗಿದ್ದರೆ ಅವರಿಗೊಂದು ನಿರ್ದೇಶಕ ಸ್ಥಾನ ಏಕಿರುತ್ತಿತ್ತು?

ಸಾಲ ಸಿಗದ ಮೇಲೆ ಷೇರು ಹಣ ಕಟ್ಟಿ ಏನು ಬಂತು ಎಂದು ಕೇಳುವವರಿದ್ದಾರೆ. ಯಶಸ್ವಿನಿ ಯೋಜನೆ ನೆನೆಯಿರಿ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾದ ಈ ಆರೋಗ್ಯ ಯೋಜನೆ ಇರುವುದೇ ಸಹಕಾರಿಗಳಿಗಾಗಿ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿದೆ. ಕೂಲಿ ಮಾಡುವ ಮನೆಯಲ್ಲಿ ಒಬ್ಬರಿಗೆ ಆಪರೇಷನ್ ಆದರೆ ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿ ಬಡ್ಡಿಯ ಕೈಸಾಲವೇ ಗತಿ. ಹೊಲವಿದ್ದವರಿಗಿಂತ ಹೊಲವಿಲ್ಲದವರಿಗೇ ಈ ಸದಸ್ಯತ್ವ ಹೆಚ್ಚು ಬೇಕು ಎಂದು ನಾನು ಹೇಳುವುದು ಇದಕ್ಕೇ.

ಲೀಜಿನ ರೈತರ ಕಷ್ಟವನ್ನು ಮಾತ್ರ ಮುಚ್ಚಿಡಲಾಗದು. ಸದಸ್ಯರಾದರೂ ಅವರಿಗೆ ನೇರವಾಗಿ ಬೆಳೆಸಾಲ ಸಿಗುವುದು ಕಷ್ಟ. 1974ರ ಭೂ ಸುಧಾರಣೆಯ ನಂತರ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲ. ಹೊಲದೊಡೆಯರು ಕಾಗದ ಬರೆದುಕೊಡಲು ಹೆದರುತ್ತಾರೆ. ಇಂಥವರಿಗಾಗಿಯೇ ನಬಾರ್ಡ್ ಜಂಟಿ ಬಾಧ್ಯತಾ ಗುಂಪುಗಳನ್ನು ತಂದಿತು: 4ರಿಂದ 10 ಮಂದಿ ಸೇರಿ, ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆಯುವ ದಾರಿ. ಇಂಥ ಗುಂಪಿಗೆ ಸಾಲ ಕೊಡುತ್ತೀರಾ ಎಂದು ಸೊಸೈಟಿಯಲ್ಲಿ ಕೇಳಬೇಕು, ಬಿಡದೆ ಕೇಳಬೇಕು.

‘ಯಜಮಾನರು ಮೆಂಬರ್ ಇದ್ದಾರೆ, ಮನೆಗೆ ಒಬ್ಬರು ಸಾಕು’ ಎಂಬುದು ಹೆಣ್ಣುಮಕ್ಕಳ ಬಾಯಲ್ಲಿ ಬರುವ ಮಾತು. 2018ರ ಸಾಲಮನ್ನಾದಲ್ಲಿ ಸೊಸೈಟಿ ಬೆಳೆಸಾಲಕ್ಕೆ ಕುಟುಂಬಕ್ಕೆ ಒಂದು ಲಕ್ಷ ಎಂಬ ಮಿತಿ ಇತ್ತು. ಆ ಲೆಕ್ಕವನ್ನೇ ಸದಸ್ಯತ್ವಕ್ಕೂ ಹಚ್ಚಿದಂತೆ ಕಾಣುತ್ತದೆ. ಕಾಯ್ದೆಯ ಕಣ್ಣಿಗೆ ಹೆಂಡತಿ ಸ್ವತಂತ್ರ ಅರ್ಜಿದಾರಳು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳೂ ಇವೆ. ಸದಸ್ಯೆಯರೇ ಇಲ್ಲದ ಊರಿನಲ್ಲಿ ಆ ಕುರ್ಚಿಗೆ ಕೂರುವವರು ಯಾರು?

ಅಪ್ಪ ತೀರಿಕೊಂಡರೆ ಮಗ ತಾನಾಗಿಯೇ ಸದಸ್ಯನಾಗುವುದಿಲ್ಲ. ಷೇರಿನ ಹಕ್ಕು ನಾಮಿನಿಗೆ ಹೋಗುತ್ತದೆ, ಆದರೆ ಅವನೂ ಅರ್ಜಿ ಹಾಕಿ ಸೇರಬೇಕು. ಸೊಸೈಟಿಯಲ್ಲಿ ರೇಷನ್ ತಂದ, ಯೂರಿಯಾ ಒಯ್ದ ಬಿಲ್ಲುಗಳೂ ಸದಸ್ಯತ್ವವಲ್ಲ. ಷೇರು ಹಣದ ರಸೀದಿ ಮತ್ತು ಸದಸ್ಯತ್ವ ಸಂಖ್ಯೆ ಕೈಯಲ್ಲಿರಬೇಕು.

ದುಡ್ಡಿದ್ದರೆ ಯಾವ ಊರಿನ ಸೊಸೈಟಿಗೂ ಸೇರಬಹುದು ಎಂಬುದೂ ನಿಜವಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಾಲದಿಂದಲೂ ಪತ್ತಿನ ಸಂಘ ನಿಂತಿರುವುದು ಒಬ್ಬರನ್ನೊಬ್ಬರು ಬಲ್ಲವರ ನಂಬಿಕೆಯ ಮೇಲೆ. ಹಳ್ಳಿಯ ಸಂಘಕ್ಕೆ ಆ ನಂಟು ಊರಿನದು; ಶಿಕ್ಷಕರ, ಸಾರಿಗೆ ನೌಕರರ ಪತ್ತಿನ ಸಂಘಗಳಿಗೆ ಕೆಲಸದ್ದು. ಅಮೆರಿಕದ ಕ್ರೆಡಿಟ್ ಯೂನಿಯನ್ನುಗಳೂ ಹೀಗೆಯೇ ಯಾವುದಾದರೊಂದು ನಂಟು ಕೇಳುತ್ತವೆ.

ಪೇಟೆಯಲ್ಲಿ 1997ರ ಕಾಯ್ದೆಯಡಿ ನಡೆಯುವ ಸೌಹಾರ್ದ ಸಹಕಾರಿಗಳಿವೆ. ಅಲ್ಲಿ ಠೇವಣಿ ಇಡುವ ಮೊದಲು ನಿಮ್ಮನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಂಡರೋ, ನಾಮಮಾತ್ರ ಸದಸ್ಯರಾಗಿಯೋ ಎಂದು ರಸೀದಿಯಲ್ಲಿ ಓದಿ. ನಾಮಮಾತ್ರ ಸದಸ್ಯರಿಗೆ ಮತವಿಲ್ಲ, ಲಾಭಾಂಶವಿಲ್ಲ. ಇಂಥವರಿಂದ ಠೇವಣಿ ಪಡೆಯುವ ಸಂಘಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಸಿತ್ತು. ಬ್ಯಾಂಕುಗಳಿಗಿರುವ 5 ಲಕ್ಷದ ಠೇವಣಿ ವಿಮೆ ಪತ್ತಿನ ಸಂಘಗಳಿಗೆ ಇಲ್ಲ.

ಅರ್ಹರಿದ್ದೂ ‘ಈಗ ಮೆಂಬರ್ ಮಾಡಿಕೊಳ್ಳುತ್ತಿಲ್ಲ’ ಎಂದು ಕಳಿಸಿದರೆ ಸುಮ್ಮನೆ ಮನೆಗೆ ಬರಬೇಡಿ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ನಿರಾಕರಣೆಯ ಕಾರಣವನ್ನೂ ಬರವಣಿಗೆಯಲ್ಲೇ ಕೇಳಿ. ಆ ಎರಡು ಕಾಗದ ಹಿಡಿದು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ದೂರು ಕೊಡಬಹುದು.