ಒಂದು ಹಾಳೆ, ನಾಲ್ಕು ಪುಟ, ಊರೆಲ್ಲ ಸುದ್ದಿ

ನಾಡಗೀತೆ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬಳು ಮುಂದೆ ಬಂದು ‘ಇಂದಿನ ಪ್ರಮುಖ ವಾರ್ತೆಗಳು’ ಎಂದು ಓದುವುದು ನಮ್ಮ ಪ್ರೌಢಶಾಲೆಗಳ ಹಳೆಯ ರೂಢಿ. ದಿಲ್ಲಿಯದೊಂದು ಸುದ್ದಿ, ಬೆಂಗಳೂರಿನವು ಎರಡು, ಕ್ರಿಕೆಟ್ಟಿನದು ಒಂದು. ಎಲ್ಲವೂ ಆ ದಿನದ ಪತ್ರಿಕೆಯಿಂದ ನೋಟ್‌ಬುಕ್ಕಿಗೆ ಇಳಿದವು. ಊರ ಮುಂದಿನ ಸೇತುವೆ ನಿನ್ನೆ ಸಂಜೆ ಮುಳುಗಿದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ದಾಟಲಾಗದೆ ಇವತ್ತು ಶಾಲೆಗೆ ಬಾರದವರ ಹೆಸರೂ ಇರುವುದಿಲ್ಲ. ಸಾಲಿನಲ್ಲಿ ನಿಂತ ಎಲ್ಲರಿಗೂ ಅದು ಗೊತ್ತು. ಅದೂ ಸುದ್ದಿ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಶಾಲಾ ಪತ್ರಿಕೆಯ ಕೆಲಸ ಶುರುವಾಗುವುದು ಅಲ್ಲಿಂದ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಬೆಳಗಾವಿ ಜಿಲ್ಲೆಯೊಳಗೇ ಇದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಎಂಬ ಬೇರೆ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಇಲ್ಲಿನ ಪ್ರೌಢಶಾಲೆಗಳಲ್ಲಿ ಪತ್ರಿಕೋದ್ಯಮ ಒಂದು ವಿಷಯವಾಗಿ ಇಲ್ಲ. ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ಇದೆ, ಪ್ರಬಂಧ ಇದೆ. ಹೊರಗೆ ಹೋಗಿ ನಾಲ್ಕು ಜನರನ್ನು ಕೇಳಿ ಬರೆಯುವ ಪ್ರಶ್ನೆ ಇಲ್ಲ. ಆದರೂ ವಾರಕ್ಕೊಂದು ಪಿರಿಯಡ್ ಮತ್ತು ಆಸಕ್ತಿಯುಳ್ಳ ಒಬ್ಬ ಶಿಕ್ಷಕರು ಸಿಕ್ಕರೆ ಒಂಬತ್ತನೇ ತರಗತಿಯ ಮಕ್ಕಳು ತಿಂಗಳಿಗೊಂದು ಪತ್ರಿಕೆ ತರಬಲ್ಲರು. ಹೇಗೆ ಎಂಬುದನ್ನು ತಿಳಿಸಲು ಈ ಪರಿಚಯ.

ಮೂರು ರೂಪ

ಶಾಲಾ ಪತ್ರಿಕೆಗೆ ಸರಳವಾದ ಮೂರು ರೂಪಗಳಿವೆ. ಮೊದಲನೆಯದು ಗೋಡೆ ಪತ್ರಿಕೆ: ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದು ವರಾಂಡದಲ್ಲಿ ತೂಗುಹಾಕುವುದು. ಎರಡನೆಯದು ಕೈಬರಹದ ಪತ್ರಿಕೆ: ಒಂದೇ ಪ್ರತಿ, ತರಗತಿಯಿಂದ ತರಗತಿಗೆ ಸುತ್ತುತ್ತದೆ. ಮೂರನೆಯದು ಮನೆಗೆ ಹೋಗುವ ಪತ್ರಿಕೆ. ಒಂದು ಎ3 ಹಾಳೆಯ ಎರಡೂ ಬದಿ ಜೆರಾಕ್ಸ್ ಮಾಡಿಸಿ ನಡುವೆ ಮಡಿಚಿದರೆ ನಾಲ್ಕು ಪುಟ ಸಿದ್ಧ. ಗೋಡೆಯದನ್ನು ಶಾಲೆ ಓದುತ್ತದೆ, ಮಡಿಚಿದ್ದನ್ನು ಊರು ಓದುತ್ತದೆ. ಊರು ಓದುತ್ತದೆಂದು ಗೊತ್ತಾದಾಗ ಮಕ್ಕಳ ಬರಹದಲ್ಲಿ ಎಚ್ಚರ ತಾನಾಗಿ ಬರುತ್ತದೆ.

ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಹೊರಡಿಸುವ ಸ್ಮರಣ ಸಂಚಿಕೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಶುಭಾಶಯ, ಫೋಟೊ, ಜಾಹೀರಾತು, ಎಲ್ಲಿಂದಲೋ ಎತ್ತಿದ ಒಗಟು ಸೇರಿದರೆ ಸಂಚಿಕೆ ದಪ್ಪವಾಗುತ್ತದೆ. ಅದರಲ್ಲಿ ಯಾರೂ ಯಾರನ್ನೂ ಏನೂ ಕೇಳಿರುವುದಿಲ್ಲ.

ಕಡಿಮೆ ಸಲಕರಣೆಯಲ್ಲಿ ಪತ್ರಿಕೆ ಹೊರಡಿಸುವುದು ಕನ್ನಡಕ್ಕೆ ಹೊಸದೇನಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ. ಆ ದಿನವನ್ನೇ ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಶಾಲೆ ಜೂನ್‌ನಲ್ಲಿ ತೆರೆಯುವುದರಿಂದ ಮೊದಲ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ.

ತರಗತಿಗೆ ಬಂದ ಅಚ್ಚುಯಂತ್ರ

ಪತ್ರಿಕೆಯನ್ನು ಪಾಠದ ನಡುವೆ ತಂದು ಕೂರಿಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ ಅವರದು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಅವರಿಗೆ ಹೆಚ್ಚು ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ಮಕ್ಕಳನ್ನು ಹೊರಗೆ ಕರೆದೊಯ್ದರು. ಕಂಡದ್ದನ್ನು ಬರೆಸಿದರು. 1924ರಲ್ಲಿ ಒಂದು ಚಿಕ್ಕ ಅಚ್ಚುಯಂತ್ರ ತಂದಿಟ್ಟು ಬರೆದದ್ದನ್ನು ಮಕ್ಕಳ ಕೈಯಿಂದಲೇ ಮುದ್ರಣ ಮಾಡಿಸಿದರು. ಮುಂದೆ ದೂರದ ಕಡಲತೀರದ ಶಾಲೆಯೊಂದರ ಜತೆ ಪತ್ರಿಕೆಗಳ ವಿನಿಮಯವೂ ನಡೆಯಿತು. ಪೋಲೆಂಡಿನಲ್ಲಿ ವೈದ್ಯ, ಲೇಖಕ ಯಾನುಷ್ ಕೊರ್ಚಾಕ್ 1926ರಲ್ಲಿ ಮಕ್ಕಳೇ ಬರೆಯುವ ವಾರದ ಪುರವಣಿ ಆರಂಭಿಸಿದರು. ದಿನಪತ್ರಿಕೆಯೊಂದರ ಜತೆ ಬರುತ್ತಿದ್ದ ಅದು 1939ರಲ್ಲಿ ಯುದ್ಧ ಶುರುವಾಗುವ ತನಕ ನಡೆಯಿತು. ನಮ್ಮ ದೇಶದಲ್ಲಿ ದಿಲ್ಲಿಯ ಬೀದಿ ಮಕ್ಕಳು 2003ರಿಂದ ‘ಬಾಲಕನಾಮಾ’ ತರುತ್ತಿದ್ದಾರೆ. ಈ ಮೂರೂ ಕಡೆ ದೊಡ್ಡವರು ಮಕ್ಕಳಿಗೆ ಬಿಟ್ಟುಕೊಟ್ಟದ್ದು ಪುಟವನ್ನಷ್ಟೇ ಅಲ್ಲ, ವಿಷಯದ ಆಯ್ಕೆಯನ್ನೂ.

ತಿಂಗಳ ಓಟ

ಎಂಟನೆಯವರು ಕೈಕೆಳಗೆ ಕಲಿಯಲಿ, ಒಂಬತ್ತನೆಯವರು ನಡೆಸಲಿ, ಹತ್ತನೆಯವರನ್ನು ಪರೀಕ್ಷೆಗೆ ಬಿಟ್ಟುಬಿಡಿ. ತಂಡಕ್ಕೆ ಹನ್ನೆರಡರಿಂದ ಹದಿನೈದು ಮಕ್ಕಳು ಸಾಕು. ಸಂಪಾದಕಿ, ವರದಿಗಾರರು, ತಿದ್ದುವವರು, ಚಿತ್ರ ಬರೆಯುವವರು, ಪುಟ ಕಟ್ಟುವವರು, ಹಂಚುವವರು. ಇವರ ಜತೆ ಅಂಕಿ, ಹೆಸರು, ದಿನಾಂಕಗಳನ್ನು ಮತ್ತೆ ಕೇಳಿ ನೋಡುವ ಒಬ್ಬ ಪರಿಶೀಲಕ ಬೇಕೇ ಬೇಕು. ಚೆನ್ನಾಗಿ ಬರೆಯುವವರಿಗೆ ಮಾತ್ರ ಇಲ್ಲಿ ಜಾಗ ಎಂದುಕೊಳ್ಳಬೇಡಿ. ಬರೆಯಲು ತಡವರಿಸುವ, ಆದರೆ ಸಂತೆಯಲ್ಲಿ ಯಾರ ಜತೆಗಾದರೂ ಮಾತಿಗೆ ನಿಲ್ಲುವ ಹುಡುಗ ವರದಿಗಾರಿಕೆಗೆ ಹೇಳಿ ಮಾಡಿಸಿದವನು.

ಮೊದಲ ವಾರ ಸುದ್ದಿ ಸಭೆ. ಎರಡನೆಯ ವಾರ ಓಡಾಟ. ಮೂರನೆಯದರಲ್ಲಿ ಬರವಣಿಗೆ ಮತ್ತು ತಿದ್ದುಪಡಿ. ನಾಲ್ಕನೆಯದರಲ್ಲಿ ಪುಟ. ಶಾಲೆಗಳಲ್ಲಿ ಈಗ ‘ಸಂಭ್ರಮ ಶನಿವಾರ’ದ ಬ್ಯಾಗ್‌ರಹಿತ ದಿನ ಇರುವುದರಿಂದ ಪುಟ ಕಟ್ಟುವ ಕೆಲಸಕ್ಕೆ ಅದು ಒದಗುತ್ತದೆ. ಕಂಪ್ಯೂಟರ್ ಕೊಠಡಿ ಇದ್ದರೆ ‘ನುಡಿ’ಯಲ್ಲೋ ಯೂನಿಕೋಡ್‌ನಲ್ಲೋ ಟೈಪ್ ಮಾಡಬಹುದು, ಕರೆಂಟು ಕೈಕೊಟ್ಟರೆ ದುಂಡು ಅಕ್ಷರದ ಹುಡುಗಿ ಇದ್ದೇ ಇರುತ್ತಾಳೆ.

ವರದಿಗಾರರ ನೋಟ್‌ಬುಕ್ಕಿನಲ್ಲಿ ಎಡಪುಟ ಕೇಳಿದ್ದಕ್ಕೆ, ಬಲಪುಟ ಕಂಡದ್ದಕ್ಕೆ ಮತ್ತು ಖಚಿತಪಡಿಸಿಕೊಂಡದ್ದಕ್ಕೆ. ಎಡಪುಟ ತುಂಬಿ ಬಲಪುಟ ಖಾಲಿ ಉಳಿದರೆ ಆ ಸುದ್ದಿ ಈ ತಿಂಗಳು ಬರುವುದಿಲ್ಲ. ಮಕ್ಕಳು ನೆನಪಿಟ್ಟುಕೊಳ್ಳಲು ಸುಲಭವಾದ ಒಂದು ನಿಯಮವೂ ಇದೆ: ಎರಡು ಬಾಯಿ, ಒಂದು ಕಾಗದ. ಇಬ್ಬರು ಹೇಳಿರಬೇಕು, ಒಂದು ರಸೀತಿ, ನೋಟಿಸು ಅಥವಾ ದಾಖಲೆ ಅದಕ್ಕೆ ಹೊಂದಬೇಕು.

ತಿದ್ದುವ ಕೆಲಸದ ಬಹುಪಾಲು ಹೊಗಳಿಕೆ ತೆಗೆಯುವುದೇ. “ಜಾತ್ರೆಯು ವಿಜೃಂಭಣೆಯಿಂದ ಜರುಗಿತು, ಭಕ್ತಾದಿಗಳು ಸಹಸ್ರಾರು ಸಂಖ್ಯೆಯಲ್ಲಿ ಆಗಮಿಸಿದ್ದರು” ಎಂದು ಬರೆದು ತಂದವರಿಗೆ ಗುರುಗಳು ಬಯ್ಯಬೇಕಿಲ್ಲ, ಕೇಳಿದರೆ ಸಾಕು: ಎಷ್ಟು ಜನ? ಎಣಿಸಿದವರು ಯಾರು? ಕುಡಿಯಲು ನೀರು ಎಲ್ಲಿತ್ತು? ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಆ ಗಾಡಿ ಎಷ್ಟು ದಿನದ ಹಾದಿ ಸವೆಸಿತು, ಎತ್ತಿನ ಮೇವು ಎಲ್ಲಿ ಸಿಕ್ಕಿತು, ಬಳೆ ಅಂಗಡಿಯಾಕೆ ಜಾಗಕ್ಕೆ ಎಷ್ಟು ಕೊಟ್ಟಳು ಎಂದು ಕೇಳಿ ಬಂದರೆ ವಿಜೃಂಭಣೆಗೆ ಪುಟದಲ್ಲಿ ಜಾಗವೇ ಉಳಿಯುವುದಿಲ್ಲ.

ಸುದ್ದಿಯ ನೆಲ

ಬರೆಯಲು ಏನಿದೆ ಎಂದು ಈ ಐದು ತಾಲ್ಲೂಕಿನ ಮಕ್ಕಳು ಕೇಳುವಂತಿಲ್ಲ.

ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಏರುತ್ತವೆ. ಕಲ್ಲೋಳ–ಯಡೂರ, ಜತ್ರಾಟ–ಭೀವಶಿ ಸೇತುವೆಗಳು ಮುಳುಗುತ್ತವೆ. 2005 ಮತ್ತು 2019ರ ಮಹಾಪೂರ ಮನೆಮನೆಯ ನೆನಪು. ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಗಾಳಿಮಾತೂ ಏರುತ್ತದೆ. “ಕೊಯ್ನಾದಿಂದ ಹತ್ತ ಲಕ್ಷ ಕ್ಯೂಸೆಕ್ ಬಿಟ್ಟಾರಂತ” ಎಂದು ಯಾರೋ ಕಳಿಸಿದರು ಎನ್ನಿ. ಲೆಕ್ಕ ಹಾಕೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ (ಶತಕೋಟಿ ಘನ ಅಡಿ). ಹತ್ತು ಲಕ್ಷವಾದರೆ 86 ಟಿಎಂಸಿಗೂ ಹೆಚ್ಚು. ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಸಾಮರ್ಥ್ಯವೇ ಸುಮಾರು 105 ಟಿಎಂಸಿ. ಒಂದೇ ದಿನದಲ್ಲಿ ಅಣೆಕಟ್ಟಿನ ಐದರಲ್ಲಿ ನಾಲ್ಕು ಪಾಲು ಖಾಲಿಯಾಗಬೇಕು! ಗಣಿತದ ಮೇಷ್ಟ್ರೂ ಪತ್ರಿಕೆಯ ತಂಡಕ್ಕೆ ಏಕೆ ಬೇಕು ಎಂಬುದಕ್ಕೆ ಇದು ಸಾಕ್ಷಿ. ಗಾಬರಿ ಹುಟ್ಟಿಸುವ ಸಂದೇಶವನ್ನು ಮುಂದಕ್ಕೆ ತಳ್ಳುವ ಮೊದಲು ಭಾಗಾಕಾರ ಮಾಡಿ ನೋಡುವ ಹುಡುಗಿ ಮನೆಗೂ ಊರಿಗೂ ಉಪಕಾರಿ.

ಚಳಿಗಾಲಕ್ಕೆ ಕಬ್ಬು. ಕಾಗವಾಡ ತಾಲ್ಲೂಕಿನ ಉಗಾರದಂಥ ಸಕ್ಕರೆ ಕಾರ್ಖಾನೆಯ ಊರುಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಶಾಲೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಕ್ವಿಂಟಲಿಗೆ ₹355, ಅದೂ ಸಕ್ಕರೆ ಇಳುವರಿ ಶೇ 10.25 ಇದ್ದಾಗ. ಅದರ ಮೇಲಿನ ಪ್ರತಿ ಶೇ 0.1ಕ್ಕೆ ₹3.46 ಕೂಡುತ್ತದೆ. ಇಳುವರಿ 11.25 ಆದರೆ ಟನ್ನಿಗೆ ₹3,896 ಆಗಬೇಕು. ಆದರೆ ಅಪ್ಪನ ಕೈಗೆ ಅಷ್ಟು ಬರುವುದಿಲ್ಲ. ಕಟಾವು ಮತ್ತು ಸಾಗಣೆಯ ಖರ್ಚು ಅದರಲ್ಲೇ ಮುರಿಯುತ್ತದೆ. “ಏನ್ರಿ ಕಾಕಾ, ಈ ಸಲ ರಿಕವರಿ ಎಷ್ಟ ಬಂತ್ರಿ? ಕಡಿಯಾಕ, ಒಯ್ಯಾಕ ಎಷ್ಟ ಮುರಕೊಂಡ್ರು?” ಎಂದು ಐದು ಮನೆ ಕೇಳಿ, ಐದು ಬಿಲ್ಲು ನೋಡಿ, ಹೆಸರಿಲ್ಲದೆ ಒಂದು ಪಟ್ಟಿ ಮಾಡಿದರೆ ಅದು ಮುಖಪುಟದ ಸುದ್ದಿ. ಕಬ್ಬು ಕಡಿಯಲು ಬೇರೆ ಊರಿಂದ ಬಂದ ಗ್ಯಾಂಗಿನವರ ಮಕ್ಕಳು ಆ ತಿಂಗಳುಗಳಲ್ಲಿ ಎಲ್ಲಿ ಓದುತ್ತಾರೆ ಎಂಬುದು ಎರಡನೆಯ ಸುದ್ದಿ.

ನಿಪ್ಪಾಣಿಯ ಮಕ್ಕಳಿಗೆ ಅಜ್ಜ-ಅಜ್ಜಿಯರೇ ದಾಖಲೆ ಕೋಣೆ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿ ತಡೆದು ಕುಳಿತರು. ಗೋಲಿಬಾರಿನಲ್ಲಿ ರೈತರು ಸತ್ತರು. ಅಲ್ಲಿ ಕೂತಿದ್ದವರು ಇಂದಿಗೂ ಕಟ್ಟೆಯ ಮೇಲೆ ಸಿಗುತ್ತಾರೆ. ಮೂವರನ್ನು ಬೇರೆ ಬೇರೆಯಾಗಿ ಕೇಳಿದರೆ ಮೂರು ಕತೆ ಬರುತ್ತದೆ. ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂದು ಹುಡುಕುವುದು ಇತಿಹಾಸದ ಪಾಠವೂ ಹೌದು, ವರದಿಗಾರಿಕೆಯ ಪಾಠವೂ ಹೌದು. ಇನ್ನೂ ಹಿಂದಕ್ಕೆ ಹೋದರೆ 1925ರಲ್ಲಿ ಅಂಬೇಡ್ಕರ್ ಇದೇ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗಾಗಿ ಬಂದಿದ್ದರು. ಅದಕ್ಕೆ ಐದು ವರ್ಷ ಮೊದಲು ಅವರು ‘ಮೂಕನಾಯಕ’ ಪತ್ರಿಕೆ ಆರಂಭಿಸಿದಾಗ ನೆರೆಯ ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ ನೆರವು ₹2,500.

ಅಥಣಿ ತಾಲ್ಲೂಕಿನವರಿಗೆ ಚಪ್ಪಲಿ ಇದೆ. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಪಾದರಕ್ಷೆಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ ಎಂಟು ಜಿಲ್ಲೆಗಳಿಗೆ ಸೇರಿದ್ದು; ಅವುಗಳಲ್ಲಿ ನಾಲ್ಕು ಕರ್ನಾಟಕದವು, ಬೆಳಗಾವಿ ಆ ನಾಲ್ಕರಲ್ಲೊಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿ ಪ್ರದರ್ಶಿಸಿ ಮೂಲದ ಹೆಸರು ಹೇಳದೆ ಟೀಕೆಗೆ ಗುರಿಯಾಯಿತು. ಪ್ರಾರ್ಥನೆಯಲ್ಲಿ ಆ ಸುದ್ದಿ ಓದಿದ ಹುಡುಗ, ಶಾಲೆ ಬಿಟ್ಟ ಮೇಲೆ ತೊಗಲು ಹೊಲಿಯುವ ಓಣಿಗೆ ಹೋಗಿ ಒಂದು ಜೋಡಿಗೆ ಎಷ್ಟು ದಿನ, ಎಷ್ಟು ಕೈ, ಎಷ್ಟು ಕೂಲಿ ಎಂದು ಕೇಳಿ ಬಂದರೆ ಮಿಲಾನ್ ಮತ್ತು ಅಥಣಿ ಒಂದೇ ಪುಟದಲ್ಲಿ ಕೂಡುತ್ತವೆ.

ಎರಡು ಭಾಷೆಯ ಓಣಿ

ಈ ಭಾಗದಲ್ಲಿ ಕನ್ನಡ ಶಾಲೆಯ ಪಕ್ಕದಲ್ಲೇ ಮರಾಠಿ ಶಾಲೆ ಇರುತ್ತದೆ, ಉರ್ದು ಶಾಲೆಯೂ ಇರಬಹುದು. ಕನ್ನಡ ಪತ್ರಿಕೆಯ ವರದಿಗಾರ್ತಿ ಮರಾಠಿ ಮಾತಾಡುವ ಅಜ್ಜಿಯ ಮುಂದೆ ಕೂರಬೇಕಾಗುತ್ತದೆ. ಅಜ್ಜಿ ಹೇಳಿದ್ದನ್ನು ಕನ್ನಡಕ್ಕೆ ತಂದ ಮೇಲೆ ಮತ್ತೊಮ್ಮೆ ಆಕೆಗೇ ಓದಿ ಹೇಳಿ “ಬರೋಬರಿ ಐತೇನ್ರಿ ಆಯಿ?” ಎಂದು ಕೇಳಿಕೊಂಡು ಬರಲಿ. ಊರಿನವರ ಮಾತನ್ನು ಗ್ರಾಂಥಿಕಗೊಳಿಸದೆ ಅವರು ಆಡಿದ ಹಾಗೆಯೇ ಉದ್ಧರಿಸಲಿ. ವರದಿಯ ಉಳಿದ ಭಾಗ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ. ಫ್ರೆನೆ ಮಾಡಿದಂತೆ ಸಂಚಿಕೆಗಳ ವಿನಿಮಯವೂ ಸುಲಭ: ನಿಪ್ಪಾಣಿಯದು ಕಾಗವಾಡಕ್ಕೆ, ಕನ್ನಡದ್ದು ಮರಾಠಿ ಶಾಲೆಗೆ, ಬೇಕಾದರೆ ಕಾಸರಗೋಡಿನ ಕನ್ನಡ ಶಾಲೆಗೂ ಒಂದು ಅಂಚೆ. ಗಡಿಯ ಮಕ್ಕಳಿಗೆ ಗಡಿಯ ಮಕ್ಕಳ ಸಮಸ್ಯೆ ಬೇಗ ತಿಳಿಯುತ್ತದೆ.

ಏನು ಅಚ್ಚಾಗಬಾರದು

ಪತ್ರಿಕೆ ಎಂದ ಮೇಲೆ ಅಪಾಯವೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಕಾನೂನು ಸಂಘರ್ಷಕ್ಕೆ ಸಿಕ್ಕ, ರಕ್ಷಣೆ ಬೇಕಾದ ಅಥವಾ ಅಪರಾಧಕ್ಕೆ ಬಲಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಮನೆಯಲ್ಲಿ ಸಹಪಾಠಿಯ ಮದುವೆ ನಿಶ್ಚಯವಾಗುತ್ತಿದೆ ಎಂದು ವರದಿಗಾರ್ತಿಗೆ ತಿಳಿದರೆ ಅದನ್ನು ಬರೆಯುವುದಲ್ಲ. ಗುರುಗಳಿಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು. ಯಾವುದು ಸುದ್ದಿ, ಯಾವುದು ತುರ್ತು ಎಂಬ ವಿವೇಕವನ್ನು ಮೊದಲ ತಿಂಗಳೇ ಕಲಿಸಬೇಕು. ತಪ್ಪು ಬಂದರೆ ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ ತಿದ್ದುಪಡಿ ಬರಬೇಕು.

ಇನ್ನೊಂದು ಪ್ರಶ್ನೆ ಮುಖ್ಯೋಪಾಧ್ಯಾಯರದು. ಅಮೆರಿಕದ ಮಿಸೌರಿಯಲ್ಲಿ 1983ರಲ್ಲಿ ಪ್ರಿನ್ಸಿಪಾಲರೊಬ್ಬರು ಪತ್ರಿಕೋದ್ಯಮ ತರಗತಿಯ ಮಕ್ಕಳು ಸಿದ್ಧಪಡಿಸಿದ ಪತ್ರಿಕೆಯಿಂದ ಎರಡು ಪುಟ ತೆಗೆಸಿದರು. ಹದಿಹರೆಯದ ಗರ್ಭಧಾರಣೆ ಮತ್ತು ತಂದೆತಾಯಿಯ ವಿಚ್ಛೇದನದ ಬಗೆಗಿನ ಬರಹಗಳು ಅವುಗಳಲ್ಲಿದ್ದವು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1988ರಲ್ಲಿ ಮೂರಕ್ಕೆ ಐದು ಮತಗಳಿಂದ ತೀರ್ಪು ಶಾಲೆಯ ಪರವಾಗಿ ಬಂತು. ಶಾಲೆಗೆ ಹಿಡಿತ ಇರಬಹುದು ಎಂದು ನ್ಯಾಯಾಲಯ ಹೇಳಿತು. ಹಿಡಿತ ಎಷ್ಟು ಬಿಗಿ ಇರಬೇಕು ಎಂಬುದನ್ನು ಆಯಾ ಶಾಲೆಯೇ ನಿರ್ಧರಿಸಬೇಕು.

ಅದು ಗೊತ್ತಾಗುವುದು ಮಕ್ಕಳು ಶಾಲೆಯನ್ನೇ ಕೇಳಿದ ದಿನ. ಬಿಸಿಯೂಟದ ಜತೆ ಈಗ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ಯೋಜನೆ ಇದೆ. ನಮ್ಮ ಶಾಲೆಯಲ್ಲಿ ಎಷ್ಟು ಜನ ಯಾವುದನ್ನು ತೆಗೆದುಕೊಂಡರು? ಶೌಚಾಲಯದ ನಲ್ಲಿಗೆ ಈ ವಾರ ಎಷ್ಟು ದಿನ ನೀರು ಬಂತು? ಗ್ರಂಥಾಲಯದ ಕಪಾಟಿನ ಬೀಗ ಎಷ್ಟು ಸಲ ತೆರೆಯಿತು? ಇಂಥ ಮೂರು ಲೆಕ್ಕ ಸರಿಯಾಗಿ ಮಾಡಿ, ಮುಖ್ಯೋಪಾಧ್ಯಾಯರ ಉತ್ತರವನ್ನೂ ಪಕ್ಕದಲ್ಲೇ ಹಾಕಿದ ಸಂಚಿಕೆ ಹೊರಬಂದರೆ ಆ ಶಾಲೆಗೆ ಪತ್ರಿಕೆ ಇದೆ ಎನ್ನಬಹುದು. ಮಕ್ಕಳ ಗ್ರಾಮಸಭೆ ನಡೆಯುವಾಗ ಅದೇ ಸಂಚಿಕೆಯನ್ನು ಪಂಚಾಯಿತಿಯವರ ಮುಂದಿಡಬಹುದು. ಅಲ್ಲಿ ಬೇಡಿಕೆಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಜುಲೈ 1ಕ್ಕೆ ಮೊದಲ ಸಂಚಿಕೆ ತರಬೇಕೆಂದಿರುವ ಗುರುಗಳು ಎ3 ಹಾಳೆ ಕೊಳ್ಳುವ ಮೊದಲು, ಶಾಲೆಯನ್ನೂ ಪ್ರಶ್ನಿಸಬಹುದು ಎಂಬ ಒಪ್ಪಿಗೆಯನ್ನು ಆಡಳಿತ ಮಂಡಳಿಯಿಂದ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.