ವಾಲುವ ಅಕ್ಷರ, ವಾಲದ ಕನ್ನಡ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿದ ನನ್ನ ತಾಯಿಯ ಕೈಗೆ ಆಸ್ಪತ್ರೆಯವರು ಕನ್ನಡದಲ್ಲಿ ಅಚ್ಚಾದ ಸೂಚನೆಗಳ ಹಾಳೆಯೊಂದನ್ನು ಕೊಟ್ಟಿದ್ದರು. ಕೆಲವು ದಿನಗಳ ನಂತರ ಅದನ್ನು ಅವರೇ ನಿಧಾನವಾಗಿ ಓದತೊಡಗಿದರು. ತಡವರಿಸಿದ್ದು ಕೊನೆಯ ನಾಲ್ಕು ಸಾಲುಗಳಲ್ಲಿ. ಯಾವ ಲಕ್ಷಣ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂದು ತಿಳಿಸುವ ಸಾಲುಗಳವು. ಮುಖ್ಯವೆಂಬ ಕಾರಣಕ್ಕೇ ಅವನ್ನು ದಪ್ಪಗೊಳಿಸಿ, ಅದೂ ಸಾಲದೆಂದು ಬಲಕ್ಕೆ ವಾಲಿಸಲಾಗಿತ್ತು. ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗಿದ್ದವು. ‘ಗಾಳಿಗೆ ಮಲಗಿದ ಪೈರಿನ ಹಾಗಿದೆಯಲ್ಲೋ, ನೀನೇ ಓದು’ ಎಂದು ಅಮ್ಮ ಹಾಳೆಯನ್ನು ನನ್ನತ್ತ ಚಾಚಿದರು.

ದಪ್ಪವೂ ಓರೆಯೂ ಆದ ಈ ‘ಬೋಲ್ಡ್ ಇಟಾಲಿಕ್’ ಇಂಗ್ಲಿಷಿನ ಅಚ್ಚಿನಲ್ಲಿ ಸೊಗಸಾಗಿಯೇ ಕಾಣುತ್ತದೆ. ಅದಕ್ಕೆ ಅಲ್ಲಿ ಶತಮಾನಗಳ ಹಿನ್ನೆಲೆಯಿದೆ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಕೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಆಕಾರದಲ್ಲಿ ಪ್ರಕಟಿಸಿದ. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಅಚ್ಚುಮೊಳೆಗಳು ಅಂದಿನ ವಿದ್ವಾಂಸರ ಹಾಗೂ ಕಚೇರಿ ಬರಹಗಾರರ ಓಡುಬರಹವನ್ನು ಅನುಸರಿಸಿದ್ದವು. ಇಡೀ ಪುಸ್ತಕವೇ ಓರೆ ಅಕ್ಷರಗಳಲ್ಲಿತ್ತು. ನೆಟ್ಟಗಿನ ಅಕ್ಷರಗಳ ನಡುವೆ ಒಂದು ಪದವನ್ನು ಎತ್ತಿ ತೋರಿಸಲು ಇಟಾಲಿಕ್ ಬಳಸುವ ಪದ್ಧತಿ ಬಂದದ್ದು ಆನಂತರ. ಪಠ್ಯದ ನಡುವೆ ದಪ್ಪಕ್ಷರ ಬಳಸುವ ರೂಢಿಯಂತೂ ಇನ್ನೂ ಈಚಿನದು; ಅದಕ್ಕೆ ದಾರಿ ಮಾಡಿದ ‘ಕ್ಲಾರೆಂಡನ್’ ಲಂಡನ್ನಿನಲ್ಲಿ ಹೊರಬಂದದ್ದು 1845ರಲ್ಲಿ.

ನಮ್ಮಲ್ಲಿ ಬಹುಮಂದಿ ಈ ಎರಡನ್ನೂ ಒಟ್ಟಿಗೆ ಕಂಡದ್ದು ‘ಟೈಮ್ಸ್ ನ್ಯೂ ರೋಮನ್’ನಲ್ಲಿ. ಸ್ಟ್ಯಾನ್ಲಿ ಮಾರಿಸನ್ ಅವರ ಮಾರ್ಗದರ್ಶನದಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದ ಈ ಅಕ್ಷರಗಳನ್ನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಮೊದಲು ಬಳಸಿದ್ದು 1932ರ ಅಕ್ಟೋಬರ್ 3ರಂದು. 1992ರ ವಿಂಡೋಸ್ 3.1ರೊಡನೆ ಅದರ ನಾಲ್ಕೂ ರೂಪಗಳು ಕಂಪ್ಯೂಟರಿಗೆ ಬಂದವು. ಅದರ ಬೋಲ್ಡ್ ಇಟಾಲಿಕ್ ಅನ್ನು ಗಮನಿಸಿ ನೋಡಿ. ಸಣ್ಣ ‘ಎ’ ತನ್ನ ಮೇಲಿನ ಕೊಕ್ಕೆಯನ್ನು ಬಿಟ್ಟು ಒಂದೇ ಹೊಟ್ಟೆಯ ಅಕ್ಷರವಾಗುತ್ತದೆ. ‘ಎಫ್’ ಸಾಲಿನ ಕೆಳಗೆ ಬಾಲ ಬಿಡುತ್ತದೆ. ಗೆರೆಗಳ ತುದಿಯ ಪುಟ್ಟ ಪಾದಗಳು, ಅಂದರೆ ಸೆರಿಫ್‌ಗಳು, ಲೇಖನಿಯ ಎಳೆತದಂತೆ ಬಾಗುತ್ತವೆ. ಅದು ವಾಲಿಸಿದ ಅಕ್ಷರವಲ್ಲ, ಬೇರೆಯಾಗಿಯೇ ಬರೆದ ಅಕ್ಷರ. ಉಪಶೀರ್ಷಿಕೆಗೋ ಪದವೊಂದಕ್ಕೋ ಅದು ಹೊಂದುತ್ತದೆ. ಇಂಗಿನಂತೆ ಚಿಟಿಕೆಯಷ್ಟು ಬಳಸಿದರೆ ಘಮ. ಪುಟವಿಡೀ ತುಂಬಿದರೆ ಇಂಗ್ಲಿಷ್ ಓದುಗನಿಗೂ ಆಯಾಸ.

ಕನ್ನಡಕ್ಕೆ ಒದಗಿದ್ದು ಬೇರೆಯೇ ಉಪಚಾರ. ಬೇರೆಯಾಗಿ ಬರೆದ ಓರೆ ರೂಪ ಇಲ್ಲದ ಕಡೆ, ಗುಂಡಿ ಒತ್ತಿದೊಡನೆ ಯಂತ್ರ ಇರುವ ಅಕ್ಷರವನ್ನೇ ತಳ್ಳಿ ವಾಲಿಸುತ್ತದೆ. ಆಗ ಮೇಲಿನ ತಲೆಕಟ್ಟು, ಗುಡಿಸುಗಳು ಬಲಕ್ಕೆ ಸರಿಯುತ್ತವೆ; ಸಾಲಿನ ಕೆಳಗಿರುವ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ದಪ್ಪವೂ ಸೇರಿದರೆ ದುಂಡಕ್ಷರದ ಒಳಗಿನ ಬಯಲು ಮುಚ್ಚಿಹೋಗುತ್ತದೆ. ಆ ಬಯಲನ್ನು ನೋಡಿಯೇ ನಾವು ‘ಪ’, ‘ಷ’ಗಳನ್ನು ಬೇರೆ ಬೇರೆಯೆಂದು ಗುರುತಿಸುವುದು ಎಂಬುದನ್ನು ವಿನ್ಯಾಸ ಮಾಡುವವರು ಮರೆಯಬಾರದು.

ಇಷ್ಟಕ್ಕೂ ಒತ್ತಿ ಹೇಳಲು ಕನ್ನಡಕ್ಕೆ ಅಕ್ಷರವನ್ನು ವಾಲಿಸುವ ಅಗತ್ಯ ಎಷ್ಟಿದೆ? ‘ನಾನೇ ಬಂದೆ’, ‘ನಾನೂ ಬಂದೆ’, ‘ಬಂದೇ ಬಂದೆ’ ಎನ್ನುವಾಗ ಒತ್ತು ಮಾತಿನ ಒಳಗೇ ಇದೆ. ಇಂಗ್ಲಿಷಿನವನು ಇಟಾಲಿಕ್‌ನಿಂದ ಸೂಚಿಸುವ ಎಷ್ಟೋ ಸಂಗತಿಗಳನ್ನು ನಮ್ಮ ಏಕಾರವೊಂದು ಸದ್ದಿಲ್ಲದೆ ನಿರ್ವಹಿಸುತ್ತದೆ.

ಓಡುಬರಹ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಹಳೆಯ ಲೆಕ್ಕಪತ್ರಗಳ ಮೋಡಿ ಅಕ್ಷರ ಶಾನುಭೋಗರ ಅವಸರದ ಕೈಯಿಂದ ಮೂಡಿದ್ದು. ಇಟಲಿಯ ಕಚೇರಿ ಬರಹ ಅಚ್ಚಿನ ಇಟಾಲಿಕ್‌ಗೆ ತಾಯಾಯಿತು. ಅಚ್ಚಿನ ಕನ್ನಡ ಮಾತ್ರ ನೆಟ್ಟಗೆ ನಿಂತ ದುಂಡಕ್ಷರಗಳಲ್ಲಿಯೇ ಬೆಳೆಯಿತು. ಕನ್ನಡಕ್ಕೆ ತನ್ನದೇ ಓರೆ ಅಕ್ಷರ ಬೇಕೆನಿಸಿದರೆ ಅಕ್ಷರ ವಿನ್ಯಾಸಕಾರರು ಆ ಕಡತಗಳನ್ನು ಬಿಚ್ಚಿ ನೋಡಲಿ. ಲೇಖನಿಯ ಓಟದಿಂದ ಹುಟ್ಟಿದ ಅಕ್ಷರವನ್ನು ಕಣ್ಣು ಒಪ್ಪಿಕೊಳ್ಳುತ್ತದೆ.

ಅಲ್ಲಿಯವರೆಗೆ ಔಷಧದ ಚೀಟಿ, ಬ್ಯಾಂಕಿನ ಷರತ್ತು, ಸರ್ಕಾರಿ ಪ್ರಕಟಣೆಗಳ ಮುಖ್ಯ ಸಾಲುಗಳು ನೆಟ್ಟಗಿರಲಿ, ತುಸು ದೊಡ್ಡದಿರಲಿ, ಸುತ್ತ ಖಾಲಿ ಜಾಗವಿರಲಿ. ಎಚ್ಚರಿಕೆ ಕೊಡುವ ಅಕ್ಷರ ಮೊದಲು ಓದಿಸಿಕೊಳ್ಳಬೇಕು. ಅಂದು ಆ ನಾಲ್ಕು ಸಾಲುಗಳನ್ನು ನಾನು ಬಿಳಿ ಹಾಳೆಯ ಮೇಲೆ ದುಂಡಗೆ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ಅಮ್ಮ ಅದನ್ನು ಗಟ್ಟಿಯಾಗಿ ತಾವೇ ಓದಿಕೊಂಡರು.